ನನ್ನ ಕೈಯಲ್ಲಿ ಓಡಿದ, ಮಾಸ್ತರರ ಕೈಯಲ್ಲಿ ತೆವಳಿದ ಕಾರು

ಮೂರು ವರ್ಷದ ಹಿಂದಿನ ಮಾತು. ಅಣ್ಣಿಗೇರಿಯಲ್ಲಿ ಹುಬ್ಬಳ್ಳಿ-ಗದಗ ರಸ್ತೆಯ ಮೇಲಿನ ನನ್ನ ಗ್ಯಾರೇಜಿಗೆ ಆಗ ಇಪ್ಪತ್ತೆಂಟು ವರ್ಷ. ಸದ್ದು ಕೇಳಿಯೇ ಗಾಡಿಯ ರೋಗ ಹೇಳಬಲ್ಲೆ ಎಂಬ ಸೊಕ್ಕು ನನಗಿತ್ತು. ಅದನ್ನು ಇಳಿಸಿದ್ದು ಇಪ್ಪತ್ತು ವರ್ಷ ಹಳೆಯ ಒಂದು ಸಣ್ಣ ಪೆಟ್ರೋಲ್ ಕಾರು.

ಕಾರಿನ ಮಾಲೀಕರು ನಮ್ಮೂರಿನ ನಿವೃತ್ತ ಶಾಲಾ ಮಾಸ್ತರರು. ಹೆಂಡತಿ ಶಾಂತಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಮುಗಿಸಿ ಹೊರಬಂದಾಗ ಆಕೆಗೆ ನಿಲ್ಲುವ ತ್ರಾಣವೂ ಇರುತ್ತಿರಲಿಲ್ಲ, ಹಾಗಾಗಿ ಬಸ್ಸಿನ ಮಾತೇ ಇಲ್ಲ. ಬೇಸಿಗೆಯ ಒಂದು ಮುಂಜಾನೆ ಮಾಸ್ತರರು ಗಾಡಿ ತಂದು ನಿಲ್ಲಿಸಿದರು.

“ಮಿಸ್ತ್ರಿ, ಗಾಡಿ ಅಗದಿ ಜಗ್ಗವಲ್ದರಿ. ನಿನ್ನಿ ಟ್ರ್ಯಾಕ್ಟರ್ ದಾಟಿಸಾಕ ಹೋದ್ರ ನಡುವ ಸೊರಗಿಬಿಡ್ತು. ಎದುರಿಗೆ ಲಾರಿ! ಹೆಂಗೋ ಉಳಕೊಂಡ್ವಿ. ಇನ್ನ ನಾ ಆಸ್ಪತ್ರಿಗೆ ಬರೂದ ಇಲ್ಲ ಅಂತ ಕುಂತಾಳ್ರಿ ಅಕಿ. ನನ್ನ ಸಲುವಾಗಿ ನೀವ್ಯಾಕ ಸಾಯ್ತೀರಿ ಅಂತಾಳ.”

ಡಯಾಲಿಸಿಸ್ ಬಿಟ್ಟರೆ ಆಕೆ ಉಳಿಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಎಂಜಿನ್ನಿಗೆ ಬೇಕಾದದ್ದು ಮೂರೇ: ಗಾಳಿ, ಪೆಟ್ರೋಲು, ಕಿಡಿ. ಏರ್ ಫಿಲ್ಟರಿನ ತುಂಬ ಎರಿಮಣ್ಣಿನ ಧೂಳು, ಹೊಸದು ಹಾಕಿದೆ. ನಾಲ್ಕು ಸ್ಪಾರ್ಕ್ ಪ್ಲಗ್ಗು, ಫ್ಯೂಯೆಲ್ ಫಿಲ್ಟರು ಬದಲಿಸಿದೆ. ಥ್ರಾಟಲ್ ಬಾಡಿ ಬಿಚ್ಚಿ ತೊಳೆದೆ. ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಬಿಲ್ಲೆ ತೆರೆದು ಎಂಜಿನ್ನಿಗೆ ಗಾಳಿ ಬಿಡುವ ಭಾಗ ಅದು. ಆಮೇಲೆ ನಾನೇ ಗದಗ ರಸ್ತೆಯಲ್ಲಿ ಓಡಿಸಿದೆ. ಹೋರಿ ಹೋದಂತೆ ಹೋಯಿತು!

ಮಾಸ್ತರರು ತಾವೊಂದು ಸುತ್ತು ಹೊಡೆದು ಬಂದರು. “ಇನ್ನೂ ಹಂಗ ಐತ್ರಿ.”

ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿದೆ, ನಾಲ್ಕೂ ಸಮ. ಕ್ಲಚ್ ಜಾರುತ್ತಿರಲಿಲ್ಲ, ಬ್ರೇಕು ಗಾಲಿಯನ್ನು ಹಿಡಿಯುತ್ತಿರಲಿಲ್ಲ. ಮತ್ತೆ ಓಡಿಸಿದೆ, ನನ್ನ ಕೈಯಲ್ಲಿ ಚೆನ್ನ. ಅವರು ಓಡಿಸಿದರು, ಮತ್ತೆ ಅದೇ ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಬೈದೆ. ಸಿಟ್ಟಿನ ಭರದಲ್ಲಿ ಅಂದೂಬಿಟ್ಟೆ: “ಎಂಜಿನ್ ಬಿಚ್ಚೂಣ್ರಿ. ಎಂಟು ದಿನ ಬೇಕು.”

“ಎಂಟು ದಿನ ಅಕಿ ತಡಿಯೂದಿಲ್ರಿ,” ಅಂದರು ಮಾಸ್ತರರು. ಅವರ ಮುಖ ನೋಡಲಾಗಲಿಲ್ಲ. ನಾಚಿಕೆಯಾಗಿ, ನಾಳೆ ನಾನೂ ನಿಮ್ಮ ಜೋಡಿ ಬರುತ್ತೇನೆ ಎಂದೆ. ಮಿಸ್ತ್ರಿ ಜೊತೆಗಿದ್ದಾನೆ ಎಂಬ ಒಂದೇ ಧೈರ್ಯಕ್ಕೆ ಶಾಂತಕ್ಕ ಆ ಒಂದು ಸಲ ಬರಲು ಒಪ್ಪಿದರಂತೆ.

ಮರುದಿನ ಮಾಸ್ತರರು ಸ್ಟಿಯರಿಂಗಿಗೆ, ನಾನು ಬಾಜೂ, ಶಾಂತಕ್ಕ ಹಿಂದಿನ ಸೀಟಿನಲ್ಲಿ. ಊರು ದಾಟಿದ್ದೇ ತಡ, ನನಗೆ ದಿಗಿಲಾಯಿತು. ಗಾಡಿ ನಿಜವಾಗಿಯೂ ತೆವಳುತ್ತಿತ್ತು! ಇದೇನು ಮಾಯೆ? ರಸ್ತೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ, ಏರ್ ಪೈಪ್ ಬಿಚ್ಚಿ ಕೂಗಿದೆ: “ಆಕ್ಸಿಲರೇಟರ್ ಪೂರಾ ಒತ್ತರಿ!”

“ಪೂರಾ ಒತ್ತೀನ್ರಿ!”

ಥ್ರಾಟಲಿನ ಬಿಲ್ಲೆ ಅರ್ಧಕ್ಕೇ ನಿಂತಿತ್ತು. ಓಡಿ ಬಂದು ಅವರ ಕಾಲ ಬುಡ ನೋಡಿದೆ. ಪೆಡಲಿನ ಕೆಳಗೆ, ಹಳೆ ಬಟ್ಟೆ ಸೇರಿಸಿ ಹೊಲಿದು ನಾಲ್ಕು ಮಡಿಕೆ ಮಾಡಿದ ದಪ್ಪ ಕೌದಿ! ಪೆಡಲು ಅದಕ್ಕೆ ತಾಗಿ ಅರ್ಧದಲ್ಲೇ ನಿಲ್ಲುತ್ತಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ ನಾನು.

“ಇದು ನಿನ್ನಿ ಇರಲಿಲ್ಲಲ್ರಿ?”

“ಇತ್ತು. ನಿಮ್ಮ ಕೈಗೆ ಗಾಡಿ ಕೊಡಾಗ ತಗದು ಹಿಂದ ಇಡತಿದ್ನಿರಿ. ಅಕಿ ಅವ್ವನ ಸೀರಿದು ಅದು. ಬೂಟಗಾಲಿಲೆ ಯಾರೂ ತುಳೀಬಾರದಲ್ಲ.”

ಪೂಜೆ ಮಾಡಿದ ಗಾಡಿಗೆ ಚಪ್ಪಲಿ ಹಾಕಿ ಏರುವ ಪದ್ಧತಿ ಮಾಸ್ತರರದಲ್ಲ, ಯಾವಾಗಲೂ ಬರಿಗಾಲು. ಅಂಗಾಲು ಸುಡುತ್ತವೆಂದು ಶಾಂತಕ್ಕ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಕೂತು ಆ ಕೌದಿ ಹೊಲಿದಿದ್ದರು.

“ಯಾಕ ಸುಡತಾವ್ರಿ? ಮೊದಲ ಸುಡತಿರಲಿಲ್ಲಲ್ಲ?”

ಮಾಸ್ತರರು ಸಂಕೋಚದಿಂದಲೇ ಹೇಳಿದರು: “ನೀವು ಆ ತಗಡು ತಗದಾಗಿಂದ್ರಿ.”

ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಕಾದ ಸೈಲೆನ್ಸರ್ ಪೈಪಿನ ಬಿಸಿ ಮೇಲೆ ಬರದಂತೆ ಕಾರಿನ ತಳದಲ್ಲಿ ಒಂದು ತಗಡು ಇರುತ್ತದೆ. ಚಳಿಗಾಲದಲ್ಲಿ ಅದು ಗಡಗಡ ಅನ್ನುತ್ತಿತ್ತೆಂದು ಬಿಚ್ಚಿದವನು ನಾನೇ. ಹೊಸದು ಹಾಕುತ್ತೇನೆಂದು ಹೇಳಿ ಮರೆತವನೂ ನಾನೇ.

ಹಿಂದಿನಿಂದ ಶಾಂತಕ್ಕ ಅಳತೊಡಗಿದರು. “ನನ್ನ ಕೌದಿಲೇ ನಿಮ್ಮ ಜೀವ ಹೋಗತಿತ್ತಲ್ರಿ…”

“ಅಕ್ಕಾರ, ತಪ್ಪು ನಿಮ್ಮ ಕೌದಿದಲ್ರಿ, ನಂದು,” ಎಂದೆ. ಇಪ್ಪತ್ತೆಂಟು ವರ್ಷದಲ್ಲಿ ಗಿರಾಕಿಯೆದುರು ಹಾಗೆ ಹೇಳಿದ್ದು ಅದೇ ಮೊದಲು.

ಕೌದಿ ತೆಗೆದು ಹೊರಟೆವು. ಮುಂದೊಂದು ಟ್ರ್ಯಾಕ್ಟರ್ ಸಿಕ್ಕಿತು. ಶಾಂತಕ್ಕ ಕಣ್ಣು ಮುಚ್ಚಿಕೊಂಡರು. ಮಾಸ್ತರರು ರಸ್ತೆ ಖಾಲಿಯಾಗುವವರೆಗೆ ಕಾದು, ಥರ್ಡ್ ಗೇರಿಗೆ ಇಳಿಸಿ ಒತ್ತಿದರು. ಗಾಡಿ ಸರ್ರನೆ ದಾಟಿತು.

“ಕಾಲು ಸುಡತಾವೇನ್ರಿ?” ಎಂದೆ.

“ಸುಡ್ಲಿ ಬಿಡ್ರಿ, ಜಗ್ಗತೈತಲ್ಲ!”

ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಗಿರಾಕಿ ಹೇಳಿದ ದೂರು ನನ್ನ ಕೈಗೆ ಸಿಗಲಿಲ್ಲವೆಂದು ಅದನ್ನು ಸುಳ್ಳೆಂದುಕೊಂಡಿದ್ದೆ. ಆ ವಾರವೇ ತಗಡು ಹಾಕಿಕೊಟ್ಟೆ. ಅಂದಿನಿಂದ ಯಾವ ಗಾಡಿ ಬಂದರೂ ಮೊದಲು ಓಡಿಸುವವರನ್ನೇ ಓಡಿಸಲು ಹೇಳಿ, ನಾನು ಬಾಜೂ ಕೂತು ನೋಡುತ್ತೇನೆ. ನಟ್ಟು ಬಿಚ್ಚಲು ಪಾನಾ ಹಿಡಿಯುವುದು ಆಮೇಲೆ.

ಆ ದಿನ ಆಸ್ಪತ್ರೆಯ ಬಾಗಿಲಲ್ಲಿ ಮಾಸ್ತರರು ಹೆಂಡತಿಯ ಕೈಹಿಡಿದು ಇಳಿಸಿದರು. ಶಾಂತಕ್ಕ ಎರಡು ಹೆಜ್ಜೆ ಹೋಗಿ, ನಿಂತು, ಗಂಡನ ಕಡೆ ತಿರುಗಿ ಕೇಳಿದರು:

“ನಾಡಿದ್ದ ಎಷ್ಟಕ್ಕ ಮನಿ ಬಿಡೂಣ್ರಿ?”