ಮಗಳ ವಾಚಿನ ವಿಚಾರಣೆ

ಕಾಲವನ್ನು ಅಳೆಯಲು ಕಲಿತ ದಿನ ಮನುಷ್ಯ ನಾಗರಿಕನಾದ ಎಂದು ತಿಳಿದವರು ಹೇಳುತ್ತಾರೆ. ಯಲಹಂಕದ ನಮ್ಮ ಮನೆಗೆ ಆ ದಿನ ಇನ್ನೂ ಬಂದಿರಲಿಲ್ಲ.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾನು ದಿನಾ ಬೆಳಿಗ್ಗೆ ರೈಲು ಹಿಡಿದು ಪೇಟೆಯ ಕಚೇರಿಗೆ ಹೋಗುತ್ತಿದ್ದೆ. ಹಿಡಿದು ಎನ್ನುವುದು ಸ್ವಲ್ಪ ಔದಾರ್ಯದ ಮಾತು. ಕೆಲವು ಸಲ ರೈಲು ತಪ್ಪಿದ ಮೇಲೆ ನಡುಮನೆಯ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟೆ. ನಾನೇ ಇಟ್ಟ ಹತ್ತು ನಿಮಿಷಕ್ಕೆ ನಾನು ಹೆದರುವವನಲ್ಲವೆಂದು ಅನುಮಾನಿಸಿದ ನನ್ನ ಹೆಂಡತಿ, ಹೇಳದೆ ಕೇಳದೆ ಇನ್ನಷ್ಟು ಮುಂದೆ ತಳ್ಳಿದಳು. ನಮ್ಮಿಬ್ಬರನ್ನೂ ನಂಬದ ನನ್ನ ತಾಯಿ, ವಾರಕ್ಕೊಮ್ಮೆ ಸ್ಟೂಲು ಹತ್ತಿ ಕೀ ಕೊಡುವಾಗ ತಮ್ಮ ಪಾಲನ್ನೂ ಸೇರಿಸಿದರು. ಒಟ್ಟು ಅರ್ಧ ಗಂಟೆಯಾಯಿತು. ಯಾರೂ ಒಪ್ಪಿಕೊಳ್ಳಲಿಲ್ಲ. ಮುಳ್ಳು ನೋಡಿ, ಮನಸ್ಸಿನಲ್ಲೇ ಅರ್ಧ ಗಂಟೆ ಕಳೆದು, ಬಾಯಲ್ಲಿ ಸರಿಯಾದ ಸಮಯ ಹೇಳುವುದು ಮನೆಮಂದಿಗೆಲ್ಲ ಉಸಿರಾಟದಷ್ಟು ಸಹಜವಾಗಿಹೋಯಿತು.

ಮಗಳಿಗೆ ಆಗ ಏಳು ತುಂಬಿ ಎಂಟು ನಡೆಯುತ್ತಿತ್ತು. ಶಾಲೆಯಲ್ಲಿ ಪಕ್ಕ ಕೂರುವ ಹುಡುಗಿ ವಾಚು ಕಟ್ಟಿಕೊಂಡು ಬಂದಾಗಿನಿಂದ ಇವಳು ತನ್ನ ಎಡಗೈಯ ಬಳೆಗಳನ್ನೆಲ್ಲ ತೆಗೆದಿಟ್ಟು, ಜಾಗ ಖಾಲಿ ಮಾಡಿಕೊಂಡು ಕಾಯುತ್ತಿದ್ದಳು. ಆದರೆ ನನ್ನ ತಾಯಿಯ ಒಪ್ಪಿಗೆಯಿಲ್ಲದೆ ನಮ್ಮ ಮನೆಗೆ ಒಂದು ಸೌಟೂ ಬರುವಂತಿರಲಿಲ್ಲ. ಪಕ್ಕದ ಕೋಗಿಲು ಹಳ್ಳಿಯಲ್ಲಿ ಹುಟ್ಟಿ ಬೆಳೆದ ಅವರು ಬೇರೆಯವರ ಮಾತನ್ನು ತೂಗಿ ನೋಡದೆ ತೆಗೆದುಕೊಂಡವರಲ್ಲ.

"ಗಂಟೆ ನೋಡೋಕೆ ಬರ್ದೇ ಇದ್ರೆ ವಾಚ್ಯಾಕೆ, ಬಳೇನೇ ಹಾಕ್ಕೊ," ಎಂದರು.

"ಬರತ್ತೆ ಅಜ್ಜಿ. ದಿನಾ ಸರಿಯಾಗೇ ಹೇಳ್ತೀನಲ್ಲ."

ತಾಯಿ ನನ್ನ ಕಡೆ ತಿರುಗಿದರು. "ರೈಲು ಕೂಗಿದ್ದು ಕೇಳಿ ಹೇಳ್ತಾಳೆ ಕಣೋ ಇವಳು. ಬೇರೆ ಕಡೆ ಹೇಳ್ಲಿ, ನೋಡಾಣ. ಹೇಳಿದ್ರೆ ವಾಚು. ಇಲ್ದಿದ್ರೆ ಇನ್ನೊಂದು ವರ್ಷ ಆ ಮಾತೇ ಎತ್ಬಾರ್ದು."

ಮಗಳು ಒಪ್ಪಿದಳು. ಒಪ್ಪಿದ ರೀತಿ ನೋಡಿ ನನಗೂ ಸಣ್ಣ ಅನುಮಾನ ಬಂತು. ತಿಳಿದವರು ಅಷ್ಟು ಬೇಗ ಒಪ್ಪುವುದನ್ನು ನಾನು ಕಚೇರಿಯಲ್ಲಿ ಕಂಡಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾವು ಮೂವರೂ ಯಶವಂತಪುರದ ವಾಚಿನ ಅಂಗಡಿಗೆ ಹೊರಟೆವು. ತಾಯಿ ಬಂದದ್ದು ಪರೀಕ್ಷೆ ನೋಡಲಷ್ಟೇ ಅಲ್ಲ. ವಾಚಿನೊಳಗೆ ಹದಿನೇಳು ಮಾಣಿಕ್ಯದ ಕಲ್ಲುಗಳಿರುತ್ತವೆಂದು ಯಾರೋ ಹೇಳಿದ್ದರು. ಪೊಟ್ಟಣ ಕಟ್ಟುವಾಗ ಅಂಗಡಿಯವರು ಕಲ್ಲು ಕಿತ್ತುಕೊಳ್ಳುತ್ತಾರೆಂಬುದು ತಾಯಿಯ ಸ್ವಂತ ಸಂಶೋಧನೆ.

ಅಂಗಡಿಯವರು ವಯಸ್ಸಾದವರು. ತಟ್ಟೆಯಲ್ಲಿ ವಾಚುಗಳನ್ನು ಹರಡಿದರು. ನನಗೆ ಹಿಡಿಸಿದ್ದು ಪುಟ್ಟದು, ಚಿನ್ನದ ಬಣ್ಣದ್ದು. ಅಂಕಿಗಳ ಬದಲು ಬರೀ ಗೀಟುಗಳಿದ್ದವು.

"ಅಂಕಿ ಎಲ್ಲಿ ಹೋದ್ವು?" ಎಂದು ತಾಯಿ ಕೇಳಿದರು.

"ಅದು ಫ್ಯಾಷನ್ ತಾಯಿ."

"ಅಂಗನ್ನಿ," ಎಂದು ತಾಯಿ ಅಂಗಡಿಯವರ ಎರಡೂ ಕೈಗಳ ಮೇಲೆ ಕಣ್ಣಿಟ್ಟರು.

ಮಗಳು ಹನ್ನೆರಡೂ ಅಂಕಿ ದಪ್ಪಗೆ ಕಾಣುವ ಬಿಳಿ ಮುಖದ ವಾಚಿನ ಮೇಲೆ ಬೆರಳಿಟ್ಟು, ಬೆರಳು ತೆಗೆಯಲಿಲ್ಲ. ತಾಯಿ ಅಂಗಡಿಯವರಿಗೆ ಷರತ್ತನ್ನು ವಿವರಿಸಿದರು. ಅವರಿಗೂ ಉತ್ಸಾಹ ಬಂತು. ತಮ್ಮ ತಲೆಯ ಮೇಲಿನ ದೊಡ್ಡ ಗಡಿಯಾರ ತೋರಿಸಿದರು. ಅದರಲ್ಲಿ ಸರಿಯಾಗಿ ಐದು ಗಂಟೆ.

"ಈಗ ಟೈಮೆಷ್ಟು ಪುಟ್ಟಿ?"

ಮಗಳು ನೋಡಿದಳು. ತುಟಿ ಅಲ್ಲಾಡಿತು. "ನಾಲ್ಕೂವರೆ."

ಅಂಗಡಿಯವರು ನನ್ನ ಕಡೆ ಮರುಕದಿಂದ ನೋಡಿದರು. "ಮಗೂಗೆ ಇನ್ನೂ ಬರಲ್ಲ ಸಾರ್. ಆಟದ ವಾಚು ಇದೆ, ಕೊಡ್ಲಾ?"

"ನಾನೇಳ್ಲಿಲ್ವಾ, ರೈಲು ಅಂತ," ಎಂದರು ತಾಯಿ. ಗೆದ್ದರೂ ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಮಗಳ ಬೆರಳು ಮಾತ್ರ ಇನ್ನೂ ವಾಚಿನ ಮೇಲೇ ಇತ್ತು, ಕಣ್ಣು ತುಂಬಿಕೊಂಡಿತ್ತು. ಇಷ್ಟು ದಿನ ಇವಳು ನಮ್ಮನ್ನೆಲ್ಲ ಏಮಾರಿಸುತ್ತಿದ್ದಳೇ ಎಂದು ನಾನು ಯೋಚಿಸತೊಡಗಿದ್ದೆ.

"ಕಳೆದಿದ್ದು ಹೆಚ್ಚಾಯ್ತಾ ಅಪ್ಪ?" ಎಂದಳು.

"ಏನು ಕಳೆದೆ?"

"ಅರ್ಧ ಗಂಟೆ. ಇವ್ರು ಎಷ್ಟು ಮುಂದಿಟ್ಟಿದ್ದಾರೆ ಅಂತ ಹೇಳ್ಲೇ ಇಲ್ಲ. ಅದಕ್ಕೆ ನಮ್ಮನೇಲಿ ಕಳೆಯೋಷ್ಟೇ ಕಳೆದೆ."

ಅಂಗಡಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಮಾನವಾಯಿತು. "ನನ್ನ ಗಡಿಯಾರ ಸರಿಯಾಗಿದೆಯಮ್ಮ. ಮುಂದಿಲ್ಲ, ಹಿಂದಿಲ್ಲ."

"ಎಲ್ರೂ ಅಂಗೇ ಅಂತಾರೆ," ಎಂದರು ತಾಯಿ. ಆಮೇಲೆ ನನ್ನನ್ನು ಕೇಳಿದರು: "ನೀನೆಷ್ಟು ಇಟ್ಟಿದ್ದೆ?"

"ಹತ್ತು ನಿಮಿಷ. ಮಿಕ್ಕಿದ್ದು ನನ್ನದಲ್ಲ."

ತಾಯಿ ಕ್ಷಣಕಾಲ ರಸ್ತೆಯ ಮೇಲೆ ಹೋಗುತ್ತಿದ್ದ ಜಟಕಾವನ್ನು ಬಹಳ ಆಸಕ್ತಿಯಿಂದ ನೋಡಿದರು. "ಇನ್ನೊಂದು ಸಲ ಕೇಳಿ," ಎಂದು ಅಂಗಡಿಯವರಿಗೆ ಅಪ್ಪಣೆಯಾಯಿತು. "ಏನೂ ಕಳೀಬೇಡ ಕಣೇ. ಮುಳ್ಳು ಎಲ್ಲಿದೆಯೋ ಅದನ್ನೇ ಹೇಳು."

ಅವರು ತಟ್ಟೆಯ ವಾಚುಗಳನ್ನು ಒಂದೊಂದಾಗಿ ತೋರಿಸಿದರು. ಒಂದೊಂದರಲ್ಲಿ ಒಂದೊಂದು ಸಮಯ. ಮಗಳು ಎಂಟೂಕಾಲು ಎಂದಳು, ಹನ್ನೆರಡಕ್ಕೆ ಹತ್ತು ನಿಮಿಷ ಎಂದಳು, ಗೀಟುಗಳ ವಾಚಿನಲ್ಲೂ ತಡವರಿಸಲಿಲ್ಲ. ಕೊನೆಯದನ್ನು ನೋಡಿ, "ಇದು ಎರಡೂವರೆ. ಆದ್ರೆ ಓಡ್ತಾ ಇಲ್ಲ," ಎಂದಳು.

"ನಿಂತೋಗಿರೋದ್ನ ಮಾರ್ತೀರಾ?" ಎಂದು ತಾಯಿ ಎದ್ದು ನಿಂತರು.

"ಕೀ ಕೊಟ್ಟಿಲ್ಲ ತಾಯಿ."

ಕೀ ಕೊಡಿಸಿ, ಕಿವಿಗೆ ಹಿಡಿದು ಕೇಳಿ, ಮತ್ತೆ ಕೂತರು. ಮಗಳ ಬೆರಳು ಹಿಡಿದಿದ್ದ ವಾಚಿಗೂ ಅದೇ ಉಪಚಾರವಾಯಿತು. ಅಂಗಡಿಯವರು ಅದನ್ನು ಡಬ್ಬಿಯಲ್ಲಿಡಲು ಹೋದಾಗ ತಾಯಿ ಕೈ ಅಡ್ಡ ಹಿಡಿದರು.

"ಡಬ್ಬಿ ಬೇಡ. ನಮ್ಮ ಕಣ್ಣೆದುರಿಗೇ ಅವಳ ಕೈಗೆ ಕಟ್ಟಿ."

ಕಟ್ಟಿದರು. ಪಟ್ಟಿ ಅವಳ ಕೈಗೆ ದೊಡ್ಡದಾಗಿತ್ತು. ಇನ್ನೆರಡು ತೂತು ಹೊಡೆಸಿದೆವು.