ಹೂಂ ನಿಂತ ಜಾಗ

ಇವತ್ತು ಮುಂಜಾನೆ ಸೊಸೆ ಪಡಸಾಲೆಯಲ್ಲಿ ಒಣಮೆಣಸಿನಕಾಯಿ ತೊಟ್ಟು ಮುರಿಯಲು ಕೂತಳು. ಘಾಟು ಮೂಗಿಗೇರಿದ ಕೂಡಲೇ ನನಗೆ ಸಣ್ಣಂದಿನ ಪಡಸಾಲೆ ನೆನಪಾಯಿತು.

ಶಾಲೆ ಬಿಡಿಸಿ ನನ್ನನ್ನು ತೊಟ್ಟು ಮುರಿಯಲು ಕೂಡಿಸಿದಾಗಲೂ ಇದೇ ಘಾಟು. ಮೆಣಸಿನಕಾಯಿ ಗುಂಪಿಯ ಸುತ್ತ ಹೆಂಗಸರು, ನಡುವೆ ಕತೆ ಹೇಳುವ ನಮ್ಮಾಯಿ, ಅವ್ವನ ತಾಯಿ. ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಆಯಿ ಕತೆಯನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದಳು.

ಒಂದಿನ ಕೆಮ್ಮಿ ಕೆಮ್ಮಿ ಆಯಿಯ ಗಂಟಲು ಕಟ್ಟಿತು. "ಮುಂದಿಂದು ನೀ ಹೇಳ ಬೇ" ಅಂದಳು ನನಗೆ. ಕತೆಯ ಹುಡುಗಿ ನೀರಿಗೆ ಬಂದವಳು, ಬಾವಿಗೆ ಬಿದ್ದ ತಮ್ಮನನ್ನು ಎತ್ತಬೇಕಿತ್ತು.

"ಆಕಿ ಹೆದರಿದ್ಳು. ಭಾಳ ಅಂದ್ರ ಭಾಳ ಹೆದರಿದ್ಳು" ಅಂದೆ.

ಹೂಂ ನಿಂತಿತು. "ಹೆದರಿದ್ದು ಆಕೀನೋ, ನೀನೋ?" ಅಂದಳು ಬಾಜು ಮನೆಯ ಸಕೀನಾ ಚಾಚಿ. ಎಲ್ಲರೂ ನಕ್ಕರು. ಅಳು ಬಂತು. ಮೆಣಸಿನಕಾಯಿ ಕೈಯಿಂದಲೇ ಕಣ್ಣು ಒರೆಸಿಕೊಂಡೆ. ಉರಿಗೆ ಕಣ್ಣು ತೆರೆಯಲಾಗಲಿಲ್ಲ.

ಆಯಿ ಪಿಸುಗುಟ್ಟಿದಳು, "ಹೆದರಿಕಿ ಬಿಡು. ಕೊಡಾ ಎಲ್ಲಿಟ್ಳು, ಅದನ್ನ ಹೇಳು."

"ಕೊಡಾ ಕಟ್ಟಿ ಮ್ಯಾಲ ಇಟ್ಳು. ಹಗ್ಗದ ತುದಿ ಬೇವಿನ ಗಿಡಕ್ಕ ಸುತ್ತಿದ್ಳು" ಅಂದೆ, ಮುಚ್ಚಿದ ಕಣ್ಣಲ್ಲೇ.

"ಹೂಂ" ಅಂದಳು ಸಕೀನಾ ಚಾಚಿ.

ಈಗ ನಾನೂ ಕತೆ ಬರೀತೀನ್ರಿ, ಪ್ರತಿ ಸಲ ಅಂಜಿಕೊಂಡೇ. ನೀವೂ ನನ್ನಂಗ ಅಂಜುವವರಾದ್ರ, ಬರೆದದ್ದನ್ನು ಕೈಯಲ್ಲಿ ಕೆಲಸ ಇರುವವರ ಮುಂದೆ ಓದ್ರಿ. ಹೂಂ ನಿಂತ ಕಡೆ, ನಿಮ್ಮ ಕತೆಯ ಹುಡುಗಿ ಕೊಡ ಎಲ್ಲಿಟ್ಟಳು ಅಂತ ನೋಡ್ರಿ.

ಇವತ್ತು ಸೊಸೆಯ ಮುಂದೆ ಹೊಸ ಕತೆ ಓದಿದೆ. ಎರಡನೇ ಪುಟಕ್ಕೆ ಅವಳ ಹೂಂ ನಿಂತಿತು. ಹೋತು, ಕೆಟ್ಟಿತು ಅಂದುಕೊಂಡು ತಲೆ ಎತ್ತಿದೆ. ತೊಟ್ಟು ಮುರಿಯುವ ಅವಳ ಕೈಯೂ ನಿಂತಿತ್ತು.

"ಮುಂದೇನಾತ್ರಿ, ಅತ್ತಿ?"