ಎರಡೇ ಸಲ ಕೂಗಿದ ಹೆಸರು

ಬೆಳಗಿನ ಐದೂವರೆ. ಮಸ್ಕಿ ಊರಾಚೆಯ ಫಂಕ್ಷನ್ ಹಾಲಿನಲ್ಲಿ ಆರುನೂರು ಖುರ್ಚಿಗಳು ವೇದಿಕೆಗೆ ಮುಖ ಮಾಡಿ ನಿಂತಿವೆ. ಇನ್ನೂ ಯಾರೂ ಬಂದಿಲ್ಲ. ವೇದಿಕೆಯ ಮೇಲೆ ಬಿಳಿ ಅಂಗಿಯ ಇಲಿಯಾಸ್ ಒಬ್ಬರೇ ಇದ್ದಾರೆ. ಕೈಯಲ್ಲಿ ಮೈಕಿದೆ, ಆದರೆ ಆನ್ ಮಾಡಿಲ್ಲ. ಬರಿ ಗಂಟಲಿನಲ್ಲಿ ಒಂದೊಂದೇ ಹೆಸರು ಕರೆಯುತ್ತಾರೆ. "ಪಾಮನಕಲ್ಲೂರಿನ ಹನುಮಂತರಾಯ ಅವರು ವೇದಿಕೆಗೆ ಬರಬೇಕು." ಕರೆದು ಎಡಗಡೆಯ ಮೆಟ್ಟಿಲ ಕಡೆ ನೋಡುತ್ತಾರೆ. ಒಬ್ಬ ಮನುಷ್ಯ ಎದ್ದು, ಮೆಟ್ಟಿಲು ಹತ್ತಿ, ಬಟ್ಟೆಯ ಪೊಟ್ಟಣ ಕೊಟ್ಟು, ಫೋಟೊ ತೆಗೆಸಿಕೊಂಡು ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಅಲ್ಲಿ ಇಲ್ಲದ ಆ ಮನುಷ್ಯನ ಜೊತೆಗೇ ಅವರ ಕಣ್ಣು ಹತ್ತಿ, ಜೊತೆಗೇ ಇಳಿಯುತ್ತದೆ. ಆಮೇಲೆ ಮುಂದಿನ ಹೆಸರು.

ಹಾಲಿನ ಕಾವಲುಗಾರ ದಾವಲ್‌ಸಾಬ್‌ಗೆ ಇದು ಸರಿಬರುವುದಿಲ್ಲ. ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತು ಬೈಯುತ್ತಾರೆ: "ಲೇ ಇಲಿಯಾಸ, ಖಾಲಿ ಖುರ್ಚಿಗೆ ಹೆಸರ ಕೂಗಬ್ಯಾಡ ಅಂತ ಎಷ್ಟ ಸಲ ಹೇಳ್ಲಿ? ನೀ ಹೊಕ್ಕಿ ನಿನ್ನೂರಿಗೆ. ರಾತ್ರಿ ಇವರ ನಡುವ ಮಲಗಾವ ನಾನು."

ಇಲಿಯಾಸ್ ನಗುವುದಿಲ್ಲ. ಹೆಸರು ನಾಲಿಗೆಗೆ ಪಳಗದಿದ್ದರೆ ಮಧ್ಯಾಹ್ನ ತೊಡರುತ್ತದೆ ಎಂದಷ್ಟೇ ಹೇಳುತ್ತಾರೆ.

ಮುದಗಲ್ಲಿನ ಇಲಿಯಾಸ್‌ಗೆ ಈಗ ನಲವತ್ತನಾಲ್ಕು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮದುವೆಗಳಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮೈಕು ಹಿಡಿಯುತ್ತಿದ್ದಾರೆ. ಈಚೆಗೆ ಜನ ಅವರನ್ನು ನಿರೂಪಕರು ಎನ್ನುತ್ತಾರೆ. ಮೊದಲು ಮೈಕಿನ ಸಾಬಣ್ಣ ಎನ್ನುತ್ತಿದ್ದರು. ಬೀಗರನ್ನು ಸ್ವಾಗತಿಸುವುದು, ತಾಳಿ ಕಟ್ಟುವಾಗ ಅಕ್ಕಿಕಾಳು ಹಾಕಲು ಎಲ್ಲರನ್ನೂ ಎಬ್ಬಿಸುವುದು, ಊಟದ ಪಂಕ್ತಿ ಬಿಡುವುದು ಅವರ ಕೆಲಸ. ಎಲ್ಲಕ್ಕಿಂತ ಕಠಿಣವಾದದ್ದು ಆಯೇರಿ. ವಧುವರರಿಗೆ ಬಟ್ಟೆಬರೆ ಕೊಡುವ ನೆಂಟರನ್ನು ಒಬ್ಬೊಬ್ಬರನ್ನಾಗಿ, ಸಂಬಂಧದ ಹತ್ತಿರ ದೂರ ನೋಡಿ ಕರೆಯಬೇಕು. ಒಮ್ಮೆ ಸಿಂಧನೂರಿನಲ್ಲಿ ಹಿರಿಯ ಸೋದರಮಾವನಿಗಿಂತ ಮೊದಲು ಕಿರಿಯನನ್ನು ಕರೆದುಬಿಟ್ಟರು. ಹಿರಿಯವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಉಣ್ಣದೆ ಎದ್ದುಹೋದ. ಆ ಎರಡು ಮನೆಗಳು ಇವತ್ತಿಗೂ ಮಾತಾಡುವುದಿಲ್ಲ.

ಮದುವೆಯ ಹಂಗಾಮಿನಲ್ಲಿ ದಿನಕ್ಕೆ ನೂರೈವತ್ತು ಹೆಸರು, ವರ್ಷಕ್ಕೆ ಎಪ್ಪತ್ತು ಮದುವೆ. ಮೂರು ತಾಲ್ಲೂಕಿನ ಮದುವೆ ವಿಡಿಯೊಗಳಲ್ಲಿ ಇಲಿಯಾಸ್‌ರ ದನಿಯಿದೆ, ಮುಖವಿಲ್ಲ. ಲಿಂಗಸುಗೂರಿನ ಸಂತೆಯಲ್ಲಿ ಅವರು ಬದನೆಕಾಯಿ ಕೇಳಿದರೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಎಲ್ಲೋ ಕೇಳಿದ ದನಿ, ಎಲ್ಲಿ ಎಂದು ಹೊಳೆಯುವುದಿಲ್ಲ. ಸ್ವಲ್ಪ ಹೊತ್ತು ನೋಡಿ ದೂರ ಸರಿಯುತ್ತಾರೆ.

ಹೆಸರು ಕೂಗುವುದನ್ನು ಅವರು ಕಲಿತದ್ದು ಮದುವೆಯಲ್ಲಿ ಅಲ್ಲ. ಮುದಗಲ್ಲಿನ ಮೊಹರಮ್ಮಿಗೆ ಊರು ತುಂಬ ಜನ. ಆ ಗದ್ದಲದಲ್ಲಿ ತಪ್ಪಿಸಿಕೊಂಡವರ ಹೆಸರು ಕೂಗಲು ಹದಿನಾರರ ಇಲಿಯಾಸ್‌ನನ್ನು ಒಂದು ಶಾಮಿಯಾನದಲ್ಲಿ ಕೂರಿಸಿದ್ದರು. "ಮೂರು ಸಲ ಕೂಗಬೇಕು. ಮೂರನೇದಕ್ಕೂ ಬರಲಿಲ್ಲಂದ್ರ ಹೆಸರು ಪೊಲೀಸರ ಕೈಗೆ. ಅಲ್ಲಿಗೆ ನಮ್ಮ ಕೆಲಸ ಮುಗೀತು," ಎನ್ನುತ್ತಾರೆ ಇಲಿಯಾಸ್. ಅದೇ ಲೆಕ್ಕ ಮದುವೆಗೂ ಬಂತು. ಮೂರು ಸಲ ಕರೆಯುತ್ತಾರೆ. ಯಾರೂ ಏಳದಿದ್ದರೆ ಕೆಂಪು ಪೆನ್ನಿನಿಂದ ಹೆಸರು ಹೊಡೆದುಹಾಕುತ್ತಾರೆ. ಹೊಡೆದ ಹೆಸರನ್ನು ಯಾರು ಕೇಳಿಕೊಂಡರೂ ಮತ್ತೆ ಕರೆಯುವುದಿಲ್ಲ.

ಮದುವೆ ಒಪ್ಪಿಕೊಳ್ಳುವಾಗ ಅವರು ಕೇಳುವ ಪ್ರಶ್ನೆಯೂ ಬೇರೆ. "ಯಾರನ್ನ ಕರೀಬೇಕು ಅಂತ ಎಲ್ಲಾರೂ ಹೇಳ್ತಾರ್ರಿ. ಯಾರನ್ನ ಕರೀಬಾರ್ದು ಅಂತ ನಾನ ಕೇಳಬೇಕಾಗ್ತದ."

ಇವತ್ತಿನ ಮದುವೆಯ ವಧು ಪಾಮನಕಲ್ಲೂರಿನ ನಂದಿನಿ. ಅವಳ ತಂದೆ ದ್ಯಾವಪ್ಪ ನಿನ್ನೆ ಸಂಜೆ ಫೋನಿನಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು. ತಮ್ಮ ಮಗನ ಮಾತು ಎತ್ತಬಾರದು. ಬೀಗರ ಮುಂದೆ ಅಳು ಬೇಡ, ಮಗಳು ಒಳ್ಳೆಯ ಮನೆ ಸೇರುತ್ತಿದ್ದಾಳೆ. ಇಲಿಯಾಸ್ ಆಗಲಿ ಎಂದು ಮಾತು ಕೊಟ್ಟಿದ್ದರು. ಮಗ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿದ್ದ. ನಾಲ್ಕು ವರ್ಷದ ಹಿಂದೆ ಕಾಲುವೆಗೆ ಸ್ನಾನಕ್ಕೆ ಹೋದ. ದಂಡೆಯ ಮೇಲೆ ಚಪ್ಪಲಿ ಸಿಕ್ಕವು, ಅವನು ಸಿಗಲಿಲ್ಲ. ಇದ್ದಾನೆ ಎನ್ನಲು, ಇಲ್ಲ ಎನ್ನಲು ಯಾರ ಬಳಿಯೂ ಒಂದು ಕಾಗದವಿಲ್ಲ.

ಬೆಳಗಿನ ಅಭ್ಯಾಸದಲ್ಲಿ ನಾಲಿಗೆ ಬುದ್ಧಿಗಿಂತ ಮುಂದೆ ಓಡುತ್ತದೆ. ಪಟ್ಟಿಯ ಇಪ್ಪತ್ತೆರಡನೆಯ ಸಾಲು ಬೇರೆ ಕೈಬರಹದಲ್ಲಿದ್ದದ್ದನ್ನು ಇಲಿಯಾಸ್ ಗಮನಿಸುವುದಿಲ್ಲ. "ವಧುವಿನ ಅಣ್ಣ ಮಲ್ಲೇಶ ಅವರು ವೇದಿಕೆಗೆ ಬರಬೇಕು."

"ಓ," ಎನ್ನುತ್ತದೆ ಖಾಲಿ ಹಾಲು.

ದಾವಲ್‌ಸಾಬ್‌ರ ಕಸಬರಿಗೆ ನಿಂತುಬಿಡುತ್ತದೆ. ಕೊನೆಯ ಸಾಲಿನ ಕಂಬದ ಹಿಂದಿನಿಂದ ಒಬ್ಬ ಹೆಂಗಸು ಈಚೆ ಬರುತ್ತಾಳೆ. ವಧುವಿನ ತಾಯಿ ಅಯ್ಯಮ್ಮ. ಯಾವಾಗ ಬಂದು ಕುಳಿತಳೋ ಇಬ್ಬರಿಗೂ ಗೊತ್ತಿಲ್ಲ.

"ಅಂವ ಇನ್ನಾ ಬಂದಿಲ್ಲ ತಮ್ಮಾ," ಎನ್ನುತ್ತಾಳೆ. "ಬರೂತನಕ ನಾನ ಓ ಅಂತೀನಿ."

ಇಲಿಯಾಸ್ ಕೆಳಗಿಳಿದು ಬಂದು, ಯಜಮಾನರಿಗೆ ಕೊಟ್ಟ ಮಾತಿನ ವಿಷಯ ಹೇಳುತ್ತಾರೆ. ತಮ್ಮನ್ನು ಈ ಕೆಲಸಕ್ಕೆ ಗೊತ್ತುಮಾಡಿದವರು ದ್ಯಾವಪ್ಪ. ಅಯ್ಯಮ್ಮ ವಾದಿಸುವುದಿಲ್ಲ, ಪಟ್ಟಿಗೆ ಆ ಹೆಸರು ಸೇರಿಸಿದವಳು ತಾನೇ ಎನ್ನುತ್ತಾಳೆ. ಅಣ್ಣನ ಕಡೆಯ ಸೀರೆ ತಂದಿಟ್ಟಿದ್ದೇನೆ, ಹೆಸರಿಲ್ಲದೆ ಅದನ್ನು ಹೇಗೆ ಕೊಡಲಿ ಎಂದು ಕೇಳುತ್ತಾಳೆ. ಅವಳು ಹೋದ ವರ್ಷ ಅಕ್ಕನ ಮಗಳ ಮದುವೆಯಲ್ಲಿ ಇಲಿಯಾಸ್‌ರನ್ನು ನೋಡಿದ್ದಾಳೆ, ಕೆಂಪು ಪೆನ್ನನ್ನೂ ನೋಡಿದ್ದಾಳೆ.

"ಎರಡ ಸಲ ಕೂಗು. ಮೂರನೇದ್ದು ಬ್ಯಾಡ. ಮೂರನೇದ್ದು ಕೂಗಿದ್ರ ಅಂವ ಮುಗದಂಗ."

"ನೋಡೂಣ ಅಕ್ಕಾ," ಎಂದಷ್ಟೇ ಇಲಿಯಾಸ್ ಹೇಳುತ್ತಾರೆ.

ಹನ್ನೊಂದೂವರೆಗೆ ಅಕ್ಕಿಕಾಳು ಬೀಳುತ್ತವೆ. ಆಯೇರಿ ಶುರುವಾಗುತ್ತದೆ. ಆರುನೂರು ಖುರ್ಚಿ ಸಾಲದೆ ಗೋಡೆಗುಂಟ ಜನ ನಿಂತಿದ್ದಾರೆ. ಇಪ್ಪತ್ತೊಂದನೆಯವರು ಮೆಟ್ಟಿಲಿಳಿಯುತ್ತಾರೆ. ದ್ಯಾವಪ್ಪ ಮಗಳ ಬೆನ್ನ ಹಿಂದೆ ನಿಂತಿದ್ದಾರೆ. ಮುಂದಿನ ಸಾಲಿನಲ್ಲಿ ಅಯ್ಯಮ್ಮ ತಟ್ಟೆ ಹಿಡಿದು ಕುಳಿತಿದ್ದಾಳೆ. ತಟ್ಟೆಯಲ್ಲಿ ಹಸಿರು ಸೀರೆ.

ಇಲಿಯಾಸ್ ಹಾಳೆ ನೋಡುತ್ತಾರೆ. ಇಪ್ಪತ್ತಮೂರಕ್ಕೆ ಹಾರಬಹುದು, ಯಾರಿಗೂ ತಿಳಿಯದು.

"ವಧುವಿನ ಅಣ್ಣ ಮಲ್ಲೇಶ ಅವರು ವೇದಿಕೆಗೆ ಬರಬೇಕು."

ಪಾಮನಕಲ್ಲೂರಿನವರು ಕುಳಿತ ಕಡೆ ಮಾತು ನಿಲ್ಲುತ್ತದೆ. ಆಮೇಲೆ ಬೀಗರ ಕಡೆಯೂ. ಎರಡನೆಯ ಸಲ ಕರೆಯುತ್ತಾರೆ. ರಸ್ತೆಗೆ ಕಟ್ಟಿದ ಸ್ಪೀಕರಿನಿಂದ ಹೆಸರು ಹೊರಗೆ ಹೋಗುತ್ತದೆ. ಇಲಿಯಾಸ್ ಎಡಗಡೆಯ ಮೆಟ್ಟಿಲ ಕಡೆ ನೋಡುತ್ತಾರೆ. ಒಬ್ಬ ಮನುಷ್ಯ ಹತ್ತಿ ಬರುವಷ್ಟು ಹೊತ್ತು ಕಾಯುತ್ತಾರೆ. ಕಣ್ಣು ರೂಢಿಯಂತೆ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ತಮ್ಮ ಕಣ್ಣಿನ ಜೊತೆಗೆ ಇಡೀ ಸಭೆಯ ಕಣ್ಣೂ ಹತ್ತುತ್ತಿದೆ ಎಂದು ಅವರಿಗೆ ಆಗ ತಿಳಿಯುತ್ತದೆ. ಮೆಟ್ಟಿಲ ಬಳಿ ನಿಂತಿದ್ದ ಇಬ್ಬರು ಹೆಂಗಸರು, ದಾರಿ ಬಿಡುವವರಂತೆ, ಸೆರಗು ಎಳೆದುಕೊಂಡು ಹಿಂದೆ ಸರಿಯುತ್ತಾರೆ.

ಅಯ್ಯಮ್ಮ ಎದ್ದು ಬಂದು ಸೀರೆಯನ್ನು ಮಗಳ ಮಡಿಲಿಗೆ ಇಡುತ್ತಾಳೆ. ಅಳುವುದಿಲ್ಲ. ಬೇರೆ ಊರಿನಿಂದ ಬಂದ ಫೋಟೊಗ್ರಾಫರ್ ಕ್ಯಾಮೆರಾ ಎತ್ತಿ, ನಡುವೆ ಜಾಗವಾಗಿದೆ, ಹತ್ತಿರ ಬನ್ನಿ ಎನ್ನುತ್ತಾನೆ. ಯಾರೂ ಕದಲುವುದಿಲ್ಲ. ಅವನು ಮತ್ತೆ ಹೇಳಿದಾಗ ದ್ಯಾವಪ್ಪ ಒಂದು ಹೆಜ್ಜೆ ಸರಿಯುತ್ತಾರೆ, ಆಚೆಗೆ. ಜಾಗ ಇನ್ನಷ್ಟು ಅಗಲವಾಗುತ್ತದೆ. ಫೋಟೊ ಹಾಗೇ ಬೀಳುತ್ತದೆ.

ಇಲಿಯಾಸ್ ಇಪ್ಪತ್ತಮೂರನೆಯ ಹೆಸರು ಕರೆಯುತ್ತಾರೆ. ಇಪ್ಪತ್ತೆರಡರ ಮೇಲೆ ಗೆರೆ ಎಳೆಯುವುದಿಲ್ಲ.

ಮಧ್ಯಾಹ್ನ ಮೈಕು ಸುತ್ತಿಡುವಾಗ ದ್ಯಾವಪ್ಪ ಹತ್ತಿರ ಬರುತ್ತಾರೆ. ಮಾತು ಮುರಿದದ್ದಕ್ಕೆ ಬೈಗುಳಕ್ಕೆ ಸಿದ್ಧರಾಗಿ ಇಲಿಯಾಸ್ ಎದ್ದು ನಿಲ್ಲುತ್ತಾರೆ. ದ್ಯಾವಪ್ಪ ಮೆಟ್ಟಿಲ ಕಡೆ ನೋಡುತ್ತಾರೆ. "ಉಂಡ ಹೋಗ್ರಿ," ಎಂದು ಹೇಳಿ ಬೀಗರ ಕಡೆ ನಡೆಯುತ್ತಾರೆ.

ಕೊನೆಯ ಪಂಕ್ತಿಯಲ್ಲಿ ಇಲಿಯಾಸ್ ಊಟಕ್ಕೆ ಕೂರುತ್ತಾರೆ. ನಾಳೆ ಲಿಂಗಸುಗೂರಿನಲ್ಲಿ ಮದುವೆ, ಪಟ್ಟಿ ಇನ್ನೂ ಕೈಸೇರಿಲ್ಲ. ಮುಂದೇನು ಆಸೆ ಎಂದು ಕೇಳಿದರೆ ತುತ್ತು ಕೈಯಲ್ಲೇ ಹಿಡಿದು ಹೇಳುತ್ತಾರೆ.

"ಇಷ್ಟು ವರ್ಷ ಕೂಗೀನಿ. ಯಾವಾಗರ ಒಮ್ಮೆ, ಬರೂದಿಲ್ಲ ಅಂದವರು ಖರೇನ ಎದ್ದು ಬಂದ್ರ, ನನ್ನ ದನಿ ನಡಗಬಾರ್ದು. ಎಲ್ಲಾರಿಗೂ ಅಂದಂಗ ಅವರಿಗೂ 'ಬರ್ರಿ, ಮ್ಯಾಲ ಬರ್ರಿ' ಅನಬೇಕು. ಅಷ್ಟರಿ."